ತೌನೊ ಕಳಿಸಿದ ಜೌಗಿನ ಚಿತ್ರಗಳು

ಫಿನ್‌ಲೆಂಡಿನ ಕೈನೂ ಸೀಮೆಯಲ್ಲಿ ಹಿಲ್ಲ ಹಣ್ಣು ಎಲ್ಲಿ ಸಿಕ್ಕಿತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ "ಕಾಡಲ್ಲಿ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಜೌಗು ನೆಲದ ಪಾಚಿಯ ನಡುವೆ, ಗಿಡಕ್ಕೊಂದೇ ಬಿಡುವ ಹೊಂಬಣ್ಣದ ಹಣ್ಣು ಅದು. ಕಾಡು ಯಾರದೇ ಆಗಿರಲಿ, ಹಣ್ಣು ಕಿತ್ತವರದು, ಕಾನೂನೇ ಹಾಗಿದೆ. ಹಾಗಾಗಿ ಒಳ್ಳೆಯ ಜಾಗವನ್ನು ಕಾಯಲು ಬೇಲಿ ಇಲ್ಲ, ಬೀಗ ಇಲ್ಲ. ಮುಚ್ಚಿದ ಬಾಯಿಯೊಂದೇ ಕಾವಲು. ಗಂಡನಿಗೂ ಹೇಳದೆ ಜಾಗವನ್ನು ಜೊತೆಯಲ್ಲೇ ಮಣ್ಣಿಗೆ ಒಯ್ದ ಹೆಂಗಸರು ಅಲ್ಲಿನ ಊರೂರಿನ ಚರ್ಚಿನ ಹಿಂದೆ ಎಷ್ಟೋ ಮಂದಿ ಮಲಗಿದ್ದಾರೆ.

ತೌನೊನ ತಾಯಿಯೂ ಅಂಥವಳೇ. ತನ್ನ ಜೌಗನ್ನು ಮಗಳು ಎಲ್ವಿಗೆ ಮಾತ್ರ ತೋರಿಸಿದಳು. ಮಗನಿಗೆ ಯಾಕೆ ತೋರಿಸಲಿಲ್ಲವೆಂದರೆ, ಚಿಕ್ಕವನಿದ್ದಾಗ ಅವನು ಅಪ್ಪ ಸರೋವರದಲ್ಲಿ ಮೀನು ಹಿಡಿಯುವ ಮೂಲೆ ಯಾವುದೆಂದು ಅಂಗಡಿಯಲ್ಲಿ ಬಾಯಿಬಿಟ್ಟಿದ್ದ. ಒಂದು ಮಿಠಾಯಿಯ ಆಸೆಗೆ. "ಇವನ ಹೊಟ್ಟೇಲಿ ಏನೂ ನಿಲ್ಲಲ್ಲ" ಎಂದು ತಾಯಿ ಅಂದದ್ದು ಕೂದಲು ಬೆಳ್ಳಗಾದರೂ ತೌನೊನ ಕಿವಿಯಲ್ಲಿ ಹಾಗೇ ಕೂತಿತ್ತು. ಆಮೇಲೆ ಅವನು ಬಾಯಿಗೆ ಎಂಥ ಬೀಗ ಜಡಿದನೆಂದರೆ, ಮದುವೆಯ ಮಾತನ್ನೂ ಆಡಲಿಲ್ಲ. ದೂರವಾಣಿ ಇಲಾಖೆಯಲ್ಲಿ ತಂತಿ ಎಳೆಯುವ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತನಾದ. ಕಂಬ ನೆಟ್ಟ ಕೂಡಲೇ ಅದು ನಿಂತ ಜಾಗವನ್ನು ಕರಾರುವಾಕ್ಕಾಗಿ ಬರೆದಿಡಬೇಕಿತ್ತು. ಜಾಗ ಬರೆಯದ ಕೆಲಸ ಕೆಲಸವೇ ಅಲ್ಲ ಎಂಬುದು ಅವನ ರಕ್ತಕ್ಕೇ ಇಳಿದಿತ್ತು.

ನಿವೃತ್ತಿಯ ಮೇಲೆ ಹೊತ್ತು ಹೋಗದೆ ಸಂಜೆ ಶಾಲೆಗೆ ಹೋಗಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿತ. ಚಿತ್ರ ಹಂಚಿಕೊಳ್ಳುವ ಜಾಲತಾಣವೊಂದಕ್ಕೆ ತನ್ನ ಚಿತ್ರಗಳನ್ನು ಒಂದೊಂದಾಗಿ ಏರಿಸಿ ಏರಿಸಿ ಬೇಸತ್ತು, ಆ ಕೆಲಸಕ್ಕೇ ಒಂದು ಪ್ರೋಗ್ರಾಂ ಬರೆದ. ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು. ಅದು ಚಿತ್ರವನ್ನು ಎತ್ತಿಕೊಳ್ಳುತ್ತದೆ, ಹೆಸರು ಕೊಡುತ್ತದೆ, ಕ್ಯಾಮೆರಾ ತಾನೇ ಗುರುತು ಹಾಕಿಕೊಂಡ ದಿನ ಮತ್ತು ಜಾಗವನ್ನು ಸೇರಿಸುತ್ತದೆ, ತಾಣಕ್ಕೆ ಕಳಿಸುತ್ತದೆ. "ಬಂತು" ಎಂದು ಅಲ್ಲಿಂದ ಉತ್ತರ ಬಂದಮೇಲೆ ಕಾರ್ಡಿನಲ್ಲಿದ್ದದ್ದನ್ನು ಅಳಿಸಿಹಾಕುತ್ತದೆ. ಒಂದೇ ಚಿತ್ರವನ್ನು ಎರಡು ಕಡೆ ಇಡುವುದು ದಂಡವೆಂದು ತೌನೊನ ಲೆಕ್ಕ. ಮೊದಲ ವಾರವೆಲ್ಲ ತಾಣ ಅವನ ಪ್ರೋಗ್ರಾಮಿನ ಗುರುತಿನ ಸಂಕೇತವನ್ನೇ ಒಪ್ಪದೆ ಸತಾಯಿಸಿತು. ಕೊನೆಗೊಂದು ಬೆಳಿಗ್ಗೆ ಅವನ ಸೌದೆ ರಾಶಿಯ ಚಿತ್ರ ತೆರೆಯ ಮೇಲೆ ಮೂಡಿದಾಗ, ಮುದುಕ ಎದ್ದು ಅಡುಗೆಮನೆಯಲ್ಲಿ ಒಬ್ಬನೇ ಎರಡು ಸುತ್ತು ಕುಣಿದ.

ಸೌದೆ, ಕಂಬ, ಹಿಮ, ಪಕ್ಕದ ಮನೆ ನಾಯಿ. ಎರಡು ವರ್ಷ ಅಂಥವೇ ಹೋದವು. ಯಾರೂ ನೋಡಲಿಲ್ಲ, ಅವನಿಗೂ ಅದು ಬೇಕಿರಲಿಲ್ಲ.

ಆ ಚಳಿಗಾಲ ಎಲ್ವಿ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ವೃದ್ಧರ ವಸತಿಯಲ್ಲಿ ಒಂದು ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ. ವಸಂತದಲ್ಲಿ ಅವಳು ತಮ್ಮನನ್ನು ಕರೆಸಿದಳು.

"ಕಾರ್ ತಂದಿದ್ಯಾ? ನನ್ನ ಎತ್ತಿ ಕೂರ್ಸು."

"ಎಲ್ಲಿಗೆ ಅಕ್ಕ?"

"ಕಾಡಿಗೆ."

ಅವನು ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿದ. ಮರ ಸಾಗಿಸುವ ದಾರಿ ಮುಗಿಯುವಲ್ಲಿ ಕಾರು ನಿಂತಾಗ, ಅವಳು ಗಾಜು ಇಳಿಸಿ ಊರುಗೋಲಿನಿಂದ ದಿಕ್ಕು ತೋರಿಸಿದಳು. "ಒಣಗಿದ ಪೈನ್ ಮರ ಸಿಗೋವರ್ಗೂ ಹೋಗು. ಅಲ್ಲಿಂದ ನೀರಿನ ಸದ್ದು ಹಿಡ್ಕೊಂಡು ಎಡಕ್ಕೆ. ಅಮ್ಮ ಬೇಡ ಅಂದಿದ್ಲು ಕಣೋ. ನಾನು ಹೇಳ್ತಿದೀನಿ. ಮಾನ ಉಳ್ಸು."

"ಸತ್ರೂ ಬಾಯಿ ಬಿಡಲ್ಲ ಅಕ್ಕ."

"ಬಿಟ್ರೆ ನೋಡು ಮತ್ತೆ."

ತೌನೊ ಹೋದ, ನೋಡಿದ. ಬೆಳ್ಳನೆ ಹೂ ಚೆಲ್ಲಿದ ಆ ಬಯಲಿನ ಮುಂದೆ ಟೋಪಿ ತೆಗೆದು ನಿಂತ. ಇಷ್ಟು ವರ್ಷದ ಮೇಲೆ ಯಾರೋ ಅವನನ್ನು ನಂಬಿದ್ದರು. ಕಾರಿಗೆ ಮರಳಿದಾಗ ಎಲ್ವಿ ಕೇಳಿದ್ದು ಒಂದೇ: "ಹೂ ಬಿಟ್ಟಿದ್ಯಾ? ನನ್ ಕಣ್ಣಲ್ಲಿ ಒಂದ್ಸಲ ನೋಡೋ ಹಾಗಿದ್ದಿದ್ರೆ..."

ಅವಳಿಗೆ ತೋರಿಸಬೇಕೆಂಬ ಹಟ ಆಗ ಹುಟ್ಟಿತು. ಮರುದಿನವೇ ಕ್ಯಾಮೆರಾ ಹಿಡಿದು ಹೋದ. ಅವನ ಪ್ರೋಗ್ರಾಂ ಇತ್ತಲ್ಲ, ಚಿತ್ರಗಳೆಲ್ಲ ಅಂದೇ ತಾಣಕ್ಕೆ ಹೋದವು. ಎಲ್ವಿಗೊಂದು ಟ್ಯಾಬ್ಲೆಟ್ ಕೊಡಿಸಿದ. ಮನೆಯವರಿಗಷ್ಟೇ ಕಾಣುವಂತೆ ಇಡಬಹುದಿತ್ತು, ಆದರೆ ಅದಕ್ಕೆ ಪಾಸ್‌ವರ್ಡ್ ಒತ್ತಬೇಕು, ಎಲ್ವಿಯ ಬೆರಳು ನಡುಗುತ್ತಿತ್ತು. ಎಲ್ಲರಿಗೂ ಕಾಣಲಿ ಬಿಡು, ಮುದುಕನ ಜೌಗನ್ನು ಯಾರು ನೋಡುತ್ತಾರೆ ಎಂದುಕೊಂಡ. ಆದರೂ ಹುಷಾರಿನ ಮನುಷ್ಯ. ಊರಿನ ಹೆಸರು, ಹೊಳೆಯ ಹೆಸರು ಒಂದನ್ನೂ ಬರೆಯಲಿಲ್ಲ. ಪ್ರತಿ ಚಿತ್ರದ ಕೆಳಗೂ "ಜೌಗು" ಎಂಬ ಒಂದೇ ಪದ. ತನ್ನ ಬಾಯಿಯನ್ನು ಅಷ್ಟು ಬಿಗಿಯಾಗಿ ಕಟ್ಟಿದವನು, ತಾನೇ ಬರೆದ ಪ್ರೋಗ್ರಾಮಿನ ಬಾಯಿ ಕಟ್ಟಬೇಕೆಂಬುದನ್ನು ಮರೆತ. ಕಂಬದ ಜಾಗ ಬರೆಯುತ್ತಿದ್ದ ಕೈ, ಜಾಗವನ್ನೂ ಸೇರಿಸು ಎಂದು ಅದಕ್ಕೆ ಎಂದೋ ಹೇಳಿಟ್ಟಿತ್ತು. ಅದು ಹೇಳಿದ್ದನ್ನು ನಿಯತ್ತಾಗಿ ಮಾಡುತ್ತಲೇ ಇತ್ತು.

ಎಲ್ವಿಗೆ ಹುಚ್ಚೇ ಹಿಡಿಯಿತು. ಹೂ ಉದುರಿದ್ದು, ಕಾಯಿ ಕಟ್ಟಿದ್ದು, ಕಾಯಿ ಕೆಂಪಾದದ್ದು, ಎಲ್ಲವನ್ನೂ ಹಾಸಿಗೆಯಲ್ಲೇ ನೋಡಿದಳು. "ಆ ಮೂಲೇದು ಇನ್ನೊಂದ್ ತೆಗ್ಯೋ, ಅಲ್ಲಿ ಅಮ್ಮ ಕೂತು ಕಾಫಿ ಕುಡೀತಿದ್ಲು" ಎನ್ನುತ್ತಿದ್ದಳು. ತೌನೊ ತೆಗೆಯುತ್ತಿದ್ದ. ಅವನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಬೇಸಿಗೆ ಬಂದಿರಲಿಲ್ಲ.

ಹಣ್ಣಾಗುವ ಹೊತ್ತಿಗೆ ಬಕೆಟ್ ಹಿಡಿದು ಹೋದರೆ, ದಾರಿ ಮುಗಿಯುವಲ್ಲಿ ಕಾರುಗಳ ಚಕ್ರದ ಗುರುತು. ಒಣ ಪೈನ್ ಮರಕ್ಕೆ ಯಾರೋ ನೀಲಿ ಪಟ್ಟಿ ಕಟ್ಟಿದ್ದರು. ಜೌಗಿನ ತುಂಬ ಬೂಟಿನ ಹೆಜ್ಜೆ, ತುಳಿದು ನುಗ್ಗಾದ ಪಾಚಿ. ಹಣ್ಣು ಹೋಗಲಿ, ಇನ್ನೂ ಮಾಗದ ಕೆಂಪು ಕಾಯಿಯನ್ನೂ ತರಿದಿದ್ದರು. ಬಗ್ಗಿ ಬಗ್ಗಿ ಹುಡುಕಿದ ಅವನಿಗೆ ಬಕೆಟ್ಟಿನ ತಳ ಮುಚ್ಚುವಷ್ಟೂ ಸಿಗಲಿಲ್ಲ.

ಹೇಗಾಯಿತೆಂದು ತಿಳಿಯದೆ ಊರ ಅಂಗಡಿಯ ಕಾಫಿ ಮೇಜಿಗೆ ಬಂದು ಕುಕ್ಕರಿಸಿದ. ಅಲ್ಲಿ ಓಸ್ಮೊ ಕೂತಿದ್ದ. ಆರಾಮಾಗಿ ಕಾಲು ಚಾಚಿಕೊಂಡು ಊರವರ ಕಾಲೆಳೆಯುವ ಪೈಕಿ.

"ಏನಪ್ಪಾ ತೌನೊ, ಭಾರಿ ಚೆಂದ ತೆಗೀತೀಯ ಚಿತ್ರ!"

"ಯಾವ ಚಿತ್ರ?"

"ಜೌಗಿನದು ಮಾರಾಯ. ಆ ತಾಣದಲ್ಲಿ ನಮ್ಮ ಕಡೆ ನಕ್ಷೆ ತೆಗೆದ್ರೆ ಸಾಕು, ಇಡೀ ಕಾಡಲ್ಲಿ ನಿಂದೊಂದೇ ಚುಕ್ಕೆ. ಒತ್ತಿದ್ರೆ ಹೂವು, ಕಾಯಿ, ಯಾವಾಗ ಹಣ್ಣಾಗುತ್ತೆ ಅನ್ನೋದೂ ಇದೆ. ನಮ್ ಭಾವಂದಿರನ್ನ ಕರ್ಕೊಂಡ್ ಹೋಗಿದ್ದೆ. ಅವರಂದ್ರು, ಇಷ್ಟು ಧಾರಾಳಿ ಮನುಷ್ಯ ನಮ್ಮ ಸೀಮೇಲೂ ಇದಾನಾ ಅಂತ!"

ಮೇಜಿನಲ್ಲಿದ್ದವರು ನಕ್ಕರು. ತೌನೊ ಕಾಫಿಯನ್ನು ಹಾಗೇ ಬಿಟ್ಟು ಎದ್ದ.

ಮನೆಗೆ ಬಂದು ತಾಣ ತೆರೆದ. ನಕ್ಷೆಯ ಹಸಿರಿನ ನಡುವೆ ಚುಕ್ಕೆ ಇತ್ತು, ಅಮ್ಮನ ಹಣೆಯ ಮೇಲಿನ ಮಚ್ಚೆಯಷ್ಟೇ ಸ್ಪಷ್ಟವಾಗಿ. ಮೈಯೆಲ್ಲ ಉರಿದುಹೋಯಿತು. ತನ್ನ ಮೇಲಿನ ಸಿಟ್ಟನ್ನು ಚಿತ್ರಗಳ ಮೇಲೆ ತೀರಿಸಿಕೊಂಡ. ಒಂದೂ ಬಿಡದೆ ಅಳಿಸಿದ, ಖಾತೆಯನ್ನೇ ಮುಚ್ಚಿದ.

ಮರುದಿನ ಎಲ್ವಿಯ ಕೋಣೆಯಲ್ಲಿ ಕೂತು ತುಳಿದ ಜೌಗು, ನಕ್ಷೆಯ ಚುಕ್ಕೆ, ಅಂಗಡಿಯವರ ನಗು, ಇಷ್ಟನ್ನು ಹೇಳಿದ. ಅವಳು ಆ ಕಡೆಯ ರೂಢಿಯಂತೆ ಕಾಫಿಯ ಬಟ್ಟಲಿಗೆ ಸುಟ್ಟ ಗಿಣ್ಣಿನ ತುಂಡು ಹಾಕಿ ಕೊಟ್ಟಿದ್ದಳು. ಪಕ್ಕದಲ್ಲಿ ಹಿಲ್ಲ ಹಣ್ಣಿಗೆಂದು ಇಟ್ಟಿದ್ದ ತಟ್ಟೆ ಖಾಲಿ ಇತ್ತು. ಅವಳು ಅದನ್ನು ಬದಿಗೆ ಸರಿಸಿದಳು.

"ಓಸ್ಮೊನಾ?" ಎಂದಳು.

"ಅವನೂ, ಅವನ ಭಾವಂದಿರೂ."

"ಹಾಳಾಗ್ ಹೋಗ್ಲಿ. ಕಿತ್ಕೊಂಡ್ ಹೋಗ್ಲಿ. ನಾನಂತೂ ಇನ್ನು ಅಲ್ಲಿಗೆ ಹೋಗೋಳಲ್ಲ." ತಲೆದಿಂಬಿನ ಪಕ್ಕದ ಟ್ಯಾಬ್ಲೆಟ್ ಎಳೆದುಕೊಂಡು ಅವನ ಮಡಿಲಿಗೆ ಇಟ್ಟಳು. "ಬೆಳಿಗ್ಗೆಯಿಂದ ಏನೂ ಬರ್ತಿಲ್ಲ ಇದ್ರಲ್ಲಿ. ಆ ಹೂವಿಂದು ತೆಗ್ದು ಕೊಡು. ಅಮ್ಮ ಕೂರ್ತಿದ್ದ ಮೂಲೇದು."

"ಅಳಿಸ್ಬಿಟ್ಟೆ ಅಕ್ಕ. ಎಲ್ಲಾನೂ."

"ಕ್ಯಾಮೆರಾದಲ್ಲಿ ಇರುತ್ತಲ್ಲ?"

"ಇರಲ್ಲ. ಕಳಿಸಿದ್ಮೇಲೆ ಅದೇ ಅಳಿಸುತ್ತೆ. ನಾನೇ ಹಾಗೆ ಬರ್ದಿದ್ದು. ಮುಂದಿನ ವರ್ಷ ಮತ್ತೆ..."

"ಮುಂದಿನ ವರ್ಷಕ್ಕೆ ನಾನಿರ್ತೀನಾ?" ಎಲ್ವಿ ಟ್ಯಾಬ್ಲೆಟ್ ವಾಪಸು ಇಸಿದುಕೊಂಡು, ಏನೂ ಇಲ್ಲದ ಆ ಪುಟವನ್ನೇ ಬೆರಳಿಂದ ಒಮ್ಮೆ ಸವರಿದಳು. "ಕಾಲಿರೋರಿಗೆಲ್ಲ ದಾರಿ ತೋರ್ಸಿದೆ. ಕಾಲಿಲ್ಲದೋಳ ಹತ್ರ ಇದ್ದದ್ದನ್ನ ನೀನೇ ಕಿತ್ಕೊಂಡೆ."

ಆಮೇಲೆ ಕಿಟಕಿಯ ಕಡೆ ತಿರುಗಿ ಮಲಗಿದಳು. ಆಚೆ ಯಾರೋ ಕಾರು ನಿಲ್ಲಿಸುತ್ತಿದ್ದರು.