ಮಾರ್ಗರೆಟ್ ಮನೆಯ ಅರ್ಧ ಕಪ್ ಟೀ

2014ರಲ್ಲಿ ನಾನು ಆಸ್ಟ್ರೇಲಿಯಾದ ಪರ್ತ್‌ನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನ್ಯೂರಾಲಜಿಸ್ಟ್ ಆಗಿದ್ದೆ. ಓದಿದ್ದು ಮೈಸೂರಿನಲ್ಲಿ. ಮೂಗಿನ ತುದಿಯಲ್ಲೇ ಕೋಪ ಎಂದು ವಾರ್ಡಿನಲ್ಲಿ ನನಗೆ ಹೆಸರಿತ್ತು. ಆ ವರ್ಷ ಗ್ರಹಾಂ ಎಂಬ ಗೋಧಿ ರೈತ ಬಂದ. ವಯಸ್ಸು ಐವತ್ತಾರು. ಅವನ ಪೂರ್ವಜರು ಈ ವಸಾಹತಿಗೆ ಮೊದಮೊದಲ ಹಡಗುಗಳಲ್ಲಿ ಬಂದವರು. ಅವರ ಊರಿನ ಒಂದು ರಸ್ತೆಗೆ ಅವರ ಮನೆತನದ್ದೇ ಹೆಸರು.

ನಡೆಯುವಾಗ ಅವನು ತಡವರಿಸುತ್ತಿದ್ದ. ಸುಮ್ಮನೆ ಕೂತರೂ ಬೆರಳುಗಳು ಮೃದಂಗ ನುಡಿಸಿದಂತೆ ಕುಣಿಯುತ್ತಿದ್ದವು. ಮನೆಯಲ್ಲಿ ಇನ್ನಾರಿಗಾದರೂ ಹೀಗಿತ್ತೇ ಎಂದು ಕೇಳಿದೆ. ಇಲ್ಲವಂತೆ. ಅಪ್ಪ ಕೆರೆಗೆ ಜಾರಿ ಸತ್ತ, ಅಜ್ಜ ಕುದುರೆಯಿಂದ ಬಿದ್ದ, ಮುತ್ತಜ್ಜ ಕುಡಿದು ಬಿದ್ದ. ಅಲ್ಲ, ಒಂದು ಮನೆಯ ಗಂಡಸರೆಲ್ಲ ಹೀಗೆ ಬಿದ್ದೇ ಸಾಯುತ್ತಾರೆಯೇ? ರಕ್ತಪರೀಕ್ಷೆ ಮಾಡಿಸಿದೆ. ಹಂಟಿಂಗ್ಟನ್ಸ್. ಮಿದುಳನ್ನು ನಿಧಾನವಾಗಿ ತಿನ್ನುವ ರೋಗ, ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮದ್ದಿಲ್ಲ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

"ಎಮಿಲಿಗೆ ಹೇಳಬೇಡಿ, ಡಾಕ್ಟರ್. ಅವಳ ಮದುವೆ ಇದೆ," ಎಂದ. ಎಮಿಲಿ ಅವನ ಒಬ್ಬಳೇ ಮಗಳು. ರೋಗಿಯ ಒಪ್ಪಿಗೆಯಿಲ್ಲದೆ ನಾವು ಬಾಯಿಬಿಡುವಂತಿಲ್ಲ.

ಅದೇ ವಾರ ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ನನ್ನ ಹಳೆಯ ಗೆಳತಿ ಸುಧಾಳ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಅವಳ ಮಗ ಅರ್ಜುನ್‌ಗೆ ಮದುವೆ ಗೊತ್ತಾಗಿತ್ತು. "ಆಸ್ಟ್ರೇಲಿಯನ್ ಹುಡುಗಿ ಅಂತ ಮೊದಲು ಬೇಜಾರಾಗಿತ್ತು ಕಣೇ. ಆದ್ರೆ ಎಂಥಾ ಹಳೇ ಮನೆತನ ಗೊತ್ತಾ? ಮೊದಲನೇ ಹಡಗಲ್ಲಿ ಬಂದೋರಂತೆ!" ಎನ್ನುತ್ತಾ ಫೋಟೋ ತೋರಿಸಿದಳು. ಹುಡುಗಿಯ ಪಕ್ಕದಲ್ಲಿ ನಗುತ್ತಾ ಗ್ರಹಾಂ ನಿಂತಿದ್ದ. ಕೇಸರಿಬಾತಿನ ತಟ್ಟೆ ಕೆಳಗಿಟ್ಟೆ. ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿ ಎದ್ದು ಬಂದೆ. ನಮ್ಮೂರಲ್ಲಿ ಮದುವೆ ಮಾತುಕತೆಯ ಹೊತ್ತಿಗೆ ಹುಡುಗಿಯ ಮೂರ್ಛೆರೋಗ ಮುಚ್ಚಿಟ್ಟವರನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಈಗ ಮುಚ್ಚಿಡುವ ಸರದಿ ನನ್ನದು.

ಗ್ರಹಾಂ ಒಂದಕ್ಕೆ ಮಾತ್ರ ಒಪ್ಪಿದ. ತನ್ನನ್ನು ಸಾಕಿದ ಸೋದರತ್ತೆ ಮಾರ್ಗರೆಟ್ ಜೊತೆ ನಾನು ಮಾತಾಡಬಹುದು, ತಾನೂ ಎದುರಿಗಿರುತ್ತೇನೆ ಎಂದ. ನಮ್ಮ ನರ್ಸ್ ಜೊತೆ ಅವರ ಜಮೀನಿಗೆ ಹೋದೆ. ಕಲ್ಲಿನ ಮನೆ, ಗೋಡೆಯ ತುಂಬ ಗಡ್ಡದ ಹಿರಿಯರು. ಎಂಬತ್ತು ದಾಟಿದ ಮಾರ್ಗರೆಟ್ ನೆಟ್ಟಗೆ ನಡೆದು ಬಂದು ಟೀ ಸುರಿದಳು. ಎಲ್ಲರಿಗೂ ಅರ್ಧರ್ಧ ಕಪ್. ಇಷ್ಟು ದೂರ ಬಂದವರಿಗೆ ಬೈ ಟು ಕೊಡುತ್ತಾಳಲ್ಲ ಎಂದು ನನಗೆ ರೇಗಿತು. ಅದು ಅವಳಿಗೆ ಗೊತ್ತಾಯಿತೇನೋ. "ಹಡಗಿನಲ್ಲಿ ನೀರು ಅಳೆದು ಕೊಡುತ್ತಿದ್ದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಅರ್ಧವೇ," ಎಂದಳು, ಹೆಮ್ಮೆಯಿಂದ.

ಗ್ರಹಾಂ ಕಪ್ ಎತ್ತಿದ. ಕೈ ಅತ್ತಿತ್ತ ಜಿಗಿಯಿತು. ಟೀ ಅಂಚಿನ ತನಕ ಬಂದು ವಾಪಸ್ ಹೋಯಿತು, ಚೆಲ್ಲಲಿಲ್ಲ. ಕಪ್ ತುಂಬಿದ್ದರೆ ಅಷ್ಟೂ ಮೈಮೇಲೆ ಬೀಳುತ್ತಿತ್ತು.

"ನಿಮ್ಮ ಅಣ್ಣನ ಕೈಯೂ ಹೀಗೇ ಆಡುತ್ತಿತ್ತಾ?" ಎಂದು ಕೇಳಿದೆ.

ಅವಳು ತನ್ನ ಕಪ್ ಕೆಳಗಿಟ್ಟಳು. "ಅಪ್ಪನದೂ," ಎಂದಳು ಆಮೇಲೆ. "ಅರ್ಧ ಸುರಿ, ಯಾರಾದರೂ ಕೇಳಿದರೆ ಹಡಗಿನ ಕಥೆ ಹೇಳು ಅಂತ ಅಮ್ಮ ಕಲಿಸಿದ್ದಳು. ಅವಳಿಗೆ ಅವಳ ಅತ್ತೆ ಕಲಿಸಿದ್ದು." ಗ್ರಹಾಂ ಕಡೆ ತಿರುಗಿದಳು. "ಹುಡುಗಿಗೆ ನೀನು ಹೇಳುತ್ತೀಯೋ, ನಾನು ಹೇಳಲೋ?"

ಅವನು ಅತ್ತ. ಕೊನೆಗೆ ತಾನೇ ಹೇಳಿದ. ಎಮಿಲಿ ಅರ್ಜುನ್‌ಗೆ ಹೇಳಿದಳು, ಅರ್ಜುನ್ ಮನೆಯಲ್ಲಿ ಹೇಳಿದ. ಸುಧಾಳ ಫೋನ್ ಬಂತು. "ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ನಮ್ಮನೇಲಿ ಕೂತ್ಕೊಂಡು ತಿಂದು ಹೋದ್ಯಾ?" ಗೊತ್ತಿತ್ತು ಎಂದೆ. ಫೋನ್ ಇಟ್ಟಳು. ಇವತ್ತಿನವರೆಗೂ ನನ್ನೊಡನೆ ಮಾತಿಲ್ಲ.

ಎಮಿಲಿ ತಾನೂ ಪರೀಕ್ಷೆ ಮಾಡಿಸಿಕೊಳ್ಳಲು ನಿರ್ಧರಿಸಿದಳು. ಕೌನ್ಸೆಲಿಂಗ್ ಎಲ್ಲ ಮುಗಿಸಿ ರಕ್ತ ಕೊಡುವಷ್ಟರಲ್ಲಿ ತಿಂಗಳುಗಳೇ ಕಳೆದವು. ಫಲಿತಾಂಶದ ದಿನ ಅರ್ಜುನ್ ಜೊತೆಗಿದ್ದ, ಮಾರ್ಗರೆಟ್ ಹೊರಗೆ ಕೂತಿದ್ದಳು. ಲಕೋಟೆ ತೆರೆದು, ರೋಗದ ಜೀನ್ ನಿನ್ನಲ್ಲೂ ಇದೆ ಎಂದು ಹೇಳಬೇಕಾಯಿತು. ಯಾವಾಗ ಶುರುವಾಗುತ್ತದೆ ಎಂದು ಕೇಳಿದಳು. ಹೇಳಲು ಬರುವುದಿಲ್ಲ ಎಂದೆ. ಇಲ್ಲೇ ಬೆಳೆದ ಅರ್ಜುನ್ ನನ್ನೊಡನೆ ಯಾವತ್ತೂ ಇಂಗ್ಲಿಷ್‌ನಲ್ಲೇ ಮಾತಾಡಿದವನು. ಅಂದು ಕನ್ನಡದಲ್ಲಿ, "ಮದುವೆ ನಡೆಯತ್ತೆ ಆಂಟಿ. ಅಮ್ಮನಿಗೆ ನಾನೇ ಹೇಳ್ತೀನಿ," ಎಂದ. ರಿಜಿಸ್ಟರ್ ಮದುವೆ ಮಾಡಿಕೊಂಡು ಇಬ್ಬರೂ ಬ್ರಿಸ್ಬೇನ್‌ಗೆ ಹೋದರು. ಈಗ ಅಲ್ಲಿನ ರನ್‌ಕಾರ್ನ್ ಬಡಾವಣೆಯಲ್ಲಿದ್ದಾರೆ. ಮಕ್ಕಳಿಲ್ಲ.

ಆ ದಿನ ಹೊರಗೆ ಬಂದು ಮಾರ್ಗರೆಟ್ ಪಕ್ಕದಲ್ಲಿ ಕೂತೆ. ಅವಳಿಗಾದರೂ ಒಂದು ಒಳ್ಳೆಯ ಮಾತು ಹೇಳೋಣ ಅನ್ನಿಸಿತು. "ನಿಮಗೆ ಈ ರೋಗ ಬಂದಿಲ್ಲ. ಬರುವುದಿದ್ದರೆ ಇಷ್ಟು ಹೊತ್ತಿಗೆ ಕಾಣಿಸಿಕೊಳ್ಳುತ್ತಿತ್ತು. ಬೇಕಾದರೆ ರಕ್ತ ನೋಡೋಣ."

"ಅದನ್ನು ಯಾವಾಗಿನಿಂದ ಹೇಳಬಹುದಿತ್ತು?" ಎಂದಳು.

"ಈ ಪರೀಕ್ಷೆ ಬಂದಾಗ ನಿಮಗೆ ಅರವತ್ತು ದಾಟಿತ್ತು. ಆಗಲೇ ಖಚಿತವಾಗಿ ಹೇಳಬಹುದಿತ್ತು."

ಅವಳು ಕೈಚೀಲದ ಕ್ಲಿಪ್ ತೆಗೆದಳು, ಮುಚ್ಚಿದಳು. "ಇಪ್ಪತ್ತೆರಡಕ್ಕೆ ನನಗೆ ಮದುವೆ ಗೊತ್ತಾಗಿತ್ತು. ನನ್ನ ರಕ್ತದಲ್ಲಿ ಇದಿದೆ ಅಂದುಕೊಂಡು, ಅವನಿಗೆ ಕಾರಣವನ್ನೂ ಹೇಳದೆ ಬಿಟ್ಟುಬಿಟ್ಟೆ. ಅಡಿಲೇಡ್‌ಗೆ ಹೊರಟುಹೋದ. ಅವನೂ ಮದುವೆಯಾಗಲಿಲ್ಲ." ಮತ್ತೆ ಕ್ಲಿಪ್ ತೆಗೆಯುತ್ತಾ ಹೇಳಿದಳು: "ನನಗೆ ಅರವತ್ತು ದಾಟಿದಾಗ ಅವನು ಬದುಕಿದ್ದ."

ರೋಗ ಅವಳನ್ನು ಮುಟ್ಟಿಯೂ ಇರಲಿಲ್ಲ, ಆದರೂ ಅವಳ ಬದುಕನ್ನು ತಿಂದು ಮುಗಿಸಿತ್ತು. ಅಂದಿನಿಂದ ನಿವೃತ್ತಿಯವರೆಗೆ ಇಂಥ ಯಾವ ಕುಟುಂಬ ಬಂದರೂ, ರೋಗ ಯಾರ ಯಾರಿಗೆ ಬಂತು ಎಂದು ಕೇಳಿ ಸುಮ್ಮನಾಗಲಿಲ್ಲ. ಯಾರಿಗೆ ಬರಲಿಲ್ಲ, ಆ ಮಾತನ್ನು ಅವರಿಗೆ ಯಾರಾದರೂ ಹೇಳಿದ್ದಾರೆಯೇ ಎಂದೂ ಕೇಳುತ್ತಿದ್ದೆ.