ಸಂತೆಯಲ್ಲಿ ನಿಂತು ಸಂತೆಯನ್ನು ವಿಚಾರಿಸಿದ್ದು

ನಮ್ಮ ಮನೆಯಲ್ಲಿ ಪಂಕ್ತಿಗೆ ಕುಳಿತ ಅತಿಥಿಗಳು ಸಾರು ಬಹಳ ಚೆನ್ನಾಗಿದೆ ಎಂದು ಎಷ್ಟೇ ಹೊಗಳಲಿ, ನನ್ನ ಹೆಂಡತಿ ಗೌರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲ್ಲರೂ ಎದ್ದು ಕೈತೊಳೆಯಲು ಹೋದ ಮೇಲೆ ಅವಳು ಮುತ್ತುಗದ ಎಲೆಗಳ ಸಾಲಿನುದ್ದಕ್ಕೂ ಒಮ್ಮೆ ನಡೆದುಬರುತ್ತಾಳೆ. ಯಾರು ಪಲ್ಯವನ್ನು ಅನ್ನದ ಕೆಳಗೆ ಅಡಗಿಸಿದ್ದಾರೆ, ಯಾರು ಎಲೆಯನ್ನು ಅವಸರದಲ್ಲಿ ಮಡಿಚಿದ್ದಾರೆ, ಎಲ್ಲವೂ ಅವಳ ಪರಿಶೀಲನೆಗೆ ಬರುತ್ತದೆ. ಉಣ್ಣಲು ಕುಳಿತವರ ಬಾಯಿಮಾತಿಗೆ ಅವಳ ನ್ಯಾಯಾಲಯದಲ್ಲಿ ಸಾಕ್ಷ್ಯದ ಬೆಲೆಯಿಲ್ಲ. ಈ ಅನುಮಾನಪ್ರಕೃತಿ ಅವಳಿಗೆ ತೌರಿನಿಂದ ಬಂದದ್ದು, ಅದರ ಮೊದಲ ಪೆಟ್ಟು ತಿಂದವನು ನಾನು. ಓದುಗ ಮಿತ್ರರೆ, ಆ ಕಥೆಯನ್ನು ಹೇಳುತ್ತೇನೆ. ಪೂರ್ತಿ ನಂಬಬೇಕೆಂದು ನನ್ನ ಒತ್ತಾಯವಿಲ್ಲ.

ಆಗ ನಾನು ಕಾಲೇಜಿನ ಎಫ್.ಎ. ಪರೀಕ್ಷೆಯ ಅರ್ಧ ದಾರಿಯವರೆಗೆ ಹೋಗಿ ಕ್ಷೇಮವಾಗಿ ಹಿಂದಿರುಗಿದ ತರುಣ. ಚಿತ್ರದುರ್ಗದ ಕೋಟೆಯ ಬುಡದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಎದುರು ಮನೆಯಲ್ಲಿದ್ದ ಮೇಷ್ಟ್ರೊಬ್ಬರು ಮದರಾಸಿನಲ್ಲಿ ಓದಿ ಬಂದವರು. ಪ್ರಜೆಗಳ ಇಂಗಿತವನ್ನು ಗ್ರಹದ ಗತಿಯಂತೆ ಲೆಕ್ಕಹಾಕಿ ತಿಳಿಯಬಹುದೆಂದೂ, ಮುಂದಿನ ರಾಜ್ಯಶಾಸ್ತ್ರವೆಲ್ಲ ಅಂಕಿಗಳ ಮೇಲೆ ನಿಲ್ಲುವುದೆಂದೂ ಅವರ ದೃಢವಾದ ಶ್ರದ್ಧೆ. ಸಂಜೆ ಅವರ ಜಗುಲಿಯಲ್ಲಿ ನನಗೆ ಪಾಠ. ಸರಾಸರಿ ಎಂಬ ಮಹಾತತ್ತ್ವವನ್ನು ನಾನು ಕಲಿತದ್ದು ಅಲ್ಲಿಯೇ. ಹಿರಿಯೂರಿನ ಒಣಭೂಮಿಯ ರೈತನಿಗೂ ಹೊಳಲ್ಕೆರೆಯ ಮಳೆಯಲ್ಲಿ ಸಮಪಾಲು ಹಂಚಿ, ಅವನನ್ನು ಕಾಗದದ ಮೇಲಾದರೂ ತೋಯಿಸಿಬಿಡುವ ಆ ತತ್ತ್ವದ ಔದಾರ್ಯವನ್ನು ಕಂಡು ನನಗೆ ಮೊದಲ ದಿನವೇ ಗುಮಾನಿ ಹುಟ್ಟಿತು. ಆದರೆ ಮೇಷ್ಟ್ರ ಎರಡನೆಯ ಪಾಠ ನನ್ನ ಸ್ವಭಾವಕ್ಕೆ ಹೇಳಿಮಾಡಿಸಿದಂತಿತ್ತು: ಹೇಳುವವನನ್ನು ನಂಬಬೇಡ, ನಿನಗೆ ಬೇಕಾದವರನ್ನೇ ಆರಿಸಿ ಕೇಳಬೇಡ, ಒಂದೇ ಪ್ರಶ್ನೆಯನ್ನು ತಿರುಗಿಸಿ ಮತ್ತೊಮ್ಮೆ ಕೇಳು. ಇಷ್ಟು ಶಾಸ್ತ್ರೋಕ್ತವಾಗಿ ಜನರನ್ನು ಅನುಮಾನಿಸಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಭರಮಸಾಗರದ ಚನ್ನಬಸಪ್ಪನವರ ಮಗಳನ್ನು ನನಗೆ ನೋಡಿದ್ದರು. ಹುಡುಗಿ ತಂಬಿಗೆಯಲ್ಲಿ ನೀರು ತಂದಿಟ್ಟು, ಒಂದು ಸಲ ಕಣ್ಣೆತ್ತಿ ನನ್ನನ್ನು ಅಳೆದು ಒಳಗೆ ಹೋದಳು. ನನಗೆ ಅವಳು ಮನಸ್ಸಿಗೆ ಬಂದಳು, ಬಹಳವೇ ಬಂದಳು. ಆದರೆ ಚನ್ನಬಸಪ್ಪನವರು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುವ ಪ್ರಜಾಪ್ರತಿನಿಧಿ ಸಭೆಗೆ ಆ ವರ್ಷ ಹೋಗಬೇಕಾಗಿದ್ದವರು ಅವರು. ಹಾಲು ಕೊಟ್ಟರೆ ನೀರನ್ನೂ, ನೀರು ಕೊಟ್ಟರೆ ಕೊಟ್ಟವನನ್ನೂ ಶಂಕಿಸುವ ಮನುಷ್ಯ. ಸಭೆಯಲ್ಲಿ ಮಂಡಿಸಲು ಅವರ ಬಳಿ ಒಂದು ಅಹವಾಲಿತ್ತು. ಹೊಳಲ್ಕೆರೆಯ ದಾರಿಯಲ್ಲಿ, ಹೆಸರು ಹೇಳದಿರುವುದೇ ಲೇಸಾದ ಒಂದು ಊರಿನಲ್ಲಿ, ಬೇರೆ ಸೀಮೆಯಿಂದ ಬಂದ ಯಾರೋ ಅಧಿಕಾರಿ ಹಿಂದೆ ಸೋಮವಾರದ ಸಂತೆಯನ್ನು ಏರ್ಪಡಿಸಿಹೋಗಿದ್ದರು. ನಮ್ಮ ಕಡೆಯ ಶಿವಭಕ್ತ ಒಕ್ಕಲುಮಕ್ಕಳು ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಬಿಡುವು. ವಾರ ಬದಲಾಗಬೇಕೆಂದು ಯಜಮಾನ ಚನ್ನಬಸಪ್ಪನವರು ಅರ್ಜಿ ಕೊಟ್ಟರೆ, ಸಂತೆ ತುಂಬಿ ತುಳುಕುತ್ತಿದೆ, ಜನ ಸಂತೋಷವಾಗಿದ್ದಾರೆ, ಬೇಕಾದರೆ ಕೇಳಿ ನೋಡಿ ಎಂದು ಕಚೇರಿಯಿಂದ ಉತ್ತರ ಬಂತು. ಯಜಮಾನರು ನನ್ನ ಕಡೆ ತಿರುಗಿದರು.

“ಏನಪ್ಪ, ಲೆಕ್ಕದ ಶಾಸ್ತ್ರ ಓದಿದೀನಿ ಅಂತೀಯ. ಜನ ಏನಂತಾರೆ ಕೇಳ್ಕಂಡು ಬಾ. ಆಮೇಲೆ ಮಿಕ್ಕಿದ್ ಮಾತಾಡಾಣ” ಎಂದರು. ಮಿಕ್ಕ ಮಾತು ಯಾವುದೆಂಬುದು ನನಗೂ ಗೊತ್ತಿತ್ತು, ಬಾಗಿಲ ಮರೆಯ ಬಳೆಯ ಸದ್ದಿಗೂ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಸಂತೆಯ ಬಾಯಲ್ಲಿ ನಿಂತೆ. ಪಕ್ಷಪಾತದ ಆರೋಪ ಬಾರದಿರಲೆಂದು ಹತ್ತರಲ್ಲಿ ಒಬ್ಬರನ್ನು ತಡೆದು ಕೇಳುವ ನಿಯಮ ಮಾಡಿಕೊಂಡೆ. ಶಾಸ್ತ್ರ ಕಠಿಣ. ಹತ್ತನೆಯವರಾಗಿ ಒಮ್ಮೆ ಹಲ್ಲುನೋವಿನಿಂದ ಬಾಯಿ ತೆರೆಯಲಾರದವರೊಬ್ಬರು ಸಿಕ್ಕರು. ಒಬ್ಬ ಬಳೆಗಾರ ನಾನು ಹೊಸ ತೆರಿಗೆಯವನೆಂದು ಎಣಿಸಿ, ಮಲಾರವನ್ನು ಬೆನ್ನಿಗೇರಿಸಿಕೊಂಡು ಹಿಂದಿನ ಬೇಲಿ ಹಾರಿದ. ನನ್ನನ್ನು ಕಂಡು ಜನರಿಗೆ ಅನುಮಾನ, ಜನರನ್ನು ಕಂಡು ನನಗೆ ಅನುಮಾನ. “ಸೋಮವಾರ ಅನುಕೂಲವೇ?” ಎಂದರೆ “ಚೆನ್ನಾಗೈತೆ ಸ್ವಾಮಿ” ಎನ್ನುವರು. ಭಯದಿಂದ ಹೇಳಿರಬಹುದೆಂದು ಪ್ರಶ್ನೆಯನ್ನು ತಿರುಗಿಸಿ, “ಸೋಮವಾರ ಕೆಟ್ಟ ವಾರವಂತಲ್ಲ?” ಎಂದರೆ “ಯಾರಂದೋರು? ಇದೇ ಇರ್ಲಿ” ಎಂದು ಜಗಳಕ್ಕೇ ಬರುವರು. ಯಾರಾದರೂ ಹೇಳಿಕೊಟ್ಟಿರಬಹುದೆಂದು ಸಂತೆಯ ಈ ತುದಿಯಿಂದ ಆ ತುದಿಯವರೆಗೆ ಅಡ್ಡಾಡಿ ಪರೀಕ್ಷಿಸಿದೆ. ಎಲ್ಲೆಡೆಯೂ ಒಂದೇ ಉತ್ತರ. ಶಾಸ್ತ್ರ ಕೈಬಿಡಲಿಲ್ಲವೆಂಬ ಹೆಮ್ಮೆಯಿಂದ ಹೋಗಿ ಯಜಮಾನರಿಗೆ ವರದಿ ಒಪ್ಪಿಸಿದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಯಾರ ಮನ್ಯಾಗೆ ಉಂಡು ಬಂದೆ?” ಎಂದು ಮೆಲ್ಲನೆ ಕೇಳಿದರು. ಕಚೇರಿಯವರು ನನ್ನನ್ನು ಕೊಂಡುಕೊಂಡಿದ್ದಾರೆಂಬ ನಿಶ್ಚಯ ಆ ಮೆಲುದನಿಯಲ್ಲಿತ್ತು. ಕುಡಿಯಲು ಮಜ್ಜಿಗೆ ಬಂತು, ಮಿಕ್ಕ ಮಾತು ಬರಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಪ್ರಾಮಾಣಿಕನಾಗಿದ್ದೂ ಅನುಮಾನಕ್ಕೆ ಗುರಿಯಾಗುವ ಕಷ್ಟ, ಅಲ್ಲಿಯವರೆಗೆ ಬರೀ ಅನುಮಾನಿಸಿಯೇ ಗೊತ್ತಿದ್ದವನಿಗೆ ಹೊಸದು.

ಮುಂದಿನ ಸೋಮವಾರ ಯಜಮಾನರೇ ನನ್ನನ್ನು ಹೊರಡಿಸಿದರು. ಗಾಡಿಯಿದ್ದರೂ ವಾರ ಸೋಮವಾರವಾದ್ದರಿಂದ ಬಿಸಿಲಲ್ಲಿ ಇಬ್ಬರೂ ನಡೆದೆವು. ಮೊದಲು ಸಂತೆಯ ಮೈದಾನ. ಅವರು ಯಾರನ್ನೂ ಏನೂ ಕೇಳದೆ ನೆಲವನ್ನೇ ನೋಡುತ್ತ ಒಂದು ಸುತ್ತು ಬಂದು, “ಇಷ್ಟು ದೊಡ್ಡ ಸಂತ್ಯಾಗೆ ಒಂದ್ ಹಿಡಿ ಸಗಣಿ ಐತೇನಪ್ಪ?” ಎಂದರು. ಇರಲಿಲ್ಲ. ಎತ್ತು ಬಂದಿದ್ದರಲ್ಲವೆ ಸಗಣಿ! ಸೋಮವಾರದ ಸಂತೆ ಚೆನ್ನೆಂದು ಸೋಮವಾರದ ಸಂತೆಗೆ ಬರಬಲ್ಲವರೆಲ್ಲ ಏಕಕಂಠದಿಂದ ಸಾರಿದ್ದರು. ಬರಲಾರದವರು ಬಂದು ಬೇಡವೆನ್ನುವುದು ಹೇಗೆ? ಬಂದವರ ಮಾತನ್ನೆಲ್ಲ ಒರೆಗೆ ಹಚ್ಚಿದ ನಾನು, ನಿಂತ ಜಾಗದ ಬಗ್ಗೆ ಮಾತ್ರ ನಿಶ್ಚಿಂತನಾಗಿದ್ದೆ.

ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ಹೋದೆವು. ಮೈತೊಳೆಸಿಕೊಂಡ ಎತ್ತುಗಳು ಬೇವಿನ ನೆರಳಲ್ಲಿ ಮೆಲುಕುಹಾಕುತ್ತಿದ್ದವು, ಒಡೆಯರು ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದರು. ಕೇಳಿದವರೆಲ್ಲ ಆ ಸಂತೆ ತಮಗೆ ಇದ್ದರೂ ಒಂದೇ, ಬಿಟ್ಟರೂ ಒಂದೇ ಎಂದರು. ಯಜಮಾನರ ಮುಖ ಅರಳಿತು. ಹಿಂದಿರುಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ಕಾರ್ತಿಕ ಕಳೆದ ಮೇಲೆ ಒಳ್ಳೆಯ ಮುಹೂರ್ತಗಳಿವೆ ಎಂದು ತಾವಾಗಿಯೇ ಹೇಳಿದರು. ಸ್ವರ್ಗ ಭರಮಸಾಗರದ ಕೆರೆಯ ಏರಿಯಷ್ಟು ಹತ್ತಿರವಿತ್ತು.

ಅಷ್ಟರಲ್ಲಿ ಎದುರಿನಿಂದ ಬರಿಬುಟ್ಟಿಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೆಂಗಸರ ಗುಂಪೊಂದು ಬಂತು. ಸಂತೆ ಮುಗಿಸಿ, ನಾವು ಈಗತಾನೆ ವಿಚಾರಿಸಿ ಬಂದ ಹಳ್ಳಿಗಳಿಗೇ ಅವರು ಹೊರಟಿದ್ದರು. ನಾನು ಅಭ್ಯಾಸಬಲದಿಂದ ಕೇಳಿಬಿಟ್ಟೆ. ಮುಂದಿದ್ದ ಮುದುಕಿ ನಿಂತಳು. “ವಾರ ಬದಲು ಮಾಡ್ಬ್ಯಾಡ್ರಿ ಸ್ವಾಮಿ. ಗಾಡಿ ಬಂದ್ವು ಅಂದ್ರೆ ನಮ್ ಬುಟ್ಟಿ ಯಾರ್ ನೋಡ್ತಾರೆ? ಸೋಮಾರ ಒಂದಿನ ನಮ್ ಬದ್ನೆಕಾಯಿಗೆ ಮರ್ವಾದಿ ಐತೆ” ಎಂದು ಹೇಳಿ ಮುಂದೆ ನಡೆದಳು.

ಯಜಮಾನರು ಕೇಳಿಸದವರಂತೆ ಹೆಜ್ಜೆ ಹಾಕಿದರು. ನಾನೂ ಕೇಳಿಸದವನಂತೆ ನಡೆಯಬಹುದಾಗಿತ್ತು. ಹುಡುಗಿ ಕಣ್ಣೆತ್ತಿದ ಆ ಒಂದು ಕ್ಷಣ ನೆನಪಾಗಿ, ಸುಮ್ಮನಿರು ಎಂದು ಮನಸ್ಸು ಅಂಗಲಾಚಿತು. ಆದರೆ ನಾಲಗೆಗೆ ಆಗಲೇ ಶಾಸ್ತ್ರ ಅಂಟಿತ್ತು. “ಯಜಮಾನ್ರೆ, ನಾನು ಸಂತೆಗೆ ಬಂದೋರನ್ನೇ ಕೇಳಿ ಕೆಟ್ಟೆ. ನಾವೀಗ ಮನೇಲಿ ಉಳಿದೋರನ್ನೇ ಕೇಳಿದ್ವಿ. ನಿಮಗೆ ಬೇಕಾದ ಉತ್ತರ ಬಂತು ಅಂತ ಇದು ನೆಟ್ಟಗಾಗೋದಿಲ್ಲ” ಎಂದೆ. ಹೇಳಿದ ಕೂಡಲೇ ನನ್ನ ಮದುವೆ ಆ ದಾರಿಯ ಧೂಳಿನಲ್ಲಿ ಬಿದ್ದಿತೆಂದು ಖಚಿತವಾಯಿತು.

ಅವರು ಹೆಗಲ ಮೇಲಿನ ಕೈ ತೆಗೆದರು. ಮನೆಯವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಜಗುಲಿಯಲ್ಲಿ ಕುಳಿತು ಕಾಲಿನ ಧೂಳು ಕೊಡವಿ, ಒಳಗಿದ್ದ ಹೆಂಡತಿಗೆ ಕೇಳುವಂತೆ, “ಈ ಹುಡುಗ ನನ್ ಮೇಲೂ ಅನುಮಾನ ಪಡ್ತಾನೆ ಕಣೇ. ನಮ್ಮನೆಗೆ ಸರಿಹೋಗ್ತಾನೆ, ಬೆಲ್ಲ ತಗಂಡ್ ಬಾ” ಎಂದರು.

ಎಲ್ಲರೂ ಮನೆಯಲ್ಲಿರುವ ದಿನವೆಂದು ಕಾರಹುಣ್ಣಿಮೆಯಂದು ಮತ್ತೆ ಕೇಳಿದೆವು. ಕೊಂಬಿಗೆ ಬಣ್ಣ ಬಳಿದು ಎತ್ತನ್ನು ಪೂಜಿಸುವ ದಿನ ಎತ್ತಿಗೆ ವಿರುದ್ಧವಾಗಿ ಯಾರು ಮಾತನಾಡಿಯಾರು ಎಂದು ನನಗೆ ಅದರ ಮೇಲೂ ಅನುಮಾನ ಬಂತು, ಆ ಮಾತು ಬೇರೆ. ಅಂತೂ ಯಜಮಾನರು ಮೈಸೂರಿಗೆ ಒಯ್ದ ಅಹವಾಲಿನಲ್ಲಿ ಮುದುಕಿಯ ಬದನೆಕಾಯಿಗೂ ಒಂದು ಪರಿಚ್ಛೇದ ಸಿಕ್ಕಿತು. ಪರ್ಯಾಲೋಚಿಸಲಾಗುವುದು ಎಂಬ ಉತ್ತರ ಬಂದು, ಪರ್ಯಾಲೋಚನೆ ಸಾವಕಾಶವಾಗಿ ಮುಗಿದು, ಸಂತೆ ಮಂಗಳವಾರಕ್ಕೆ ಹೋಯಿತು. ಹೊತ್ತು ಮಾರುದ್ದ ಏರುವವರೆಗೆ ಗಾಡಿಗಳನ್ನು ಒಳಗೆ ಬಿಡಬಾರದೆಂಬ ಕಟ್ಟಳೆಯೂ ಆಯಿತು. ಅಷ್ಟು ಹೊತ್ತು ಬುಟ್ಟಿಯವರ ರಾಜ್ಯ.

ಇದನ್ನೆಲ್ಲ ಬರೆಯುವ ಹುಮ್ಮಸ್ಸಿನಲ್ಲಿ ನಿನ್ನೆ ಊಟಕ್ಕೆ ಕುಳಿತಾಗ ನನಗೊಂದು ಯೋಚನೆ ಹೊಳೆದು ತುತ್ತು ಕೈಯಲ್ಲೇ ನಿಂತಿತು. ಸಂತೆಯವರನ್ನು ಕೇಳಿದೆವು, ಹಳ್ಳಿಯವರನ್ನು ಕೇಳಿದೆವು, ದಾರಿಯಲ್ಲಿ ಹೋಗುವವರನ್ನೂ ಬಿಡಲಿಲ್ಲ. ಮಿಕ್ಕ ಮಾತು ಯಾರನ್ನು ಕುರಿತದ್ದೋ, ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬಡಿಸುತ್ತಿದ್ದ ಗೌರಮ್ಮನನ್ನು, ನನ್ನನ್ನು ಮದುವೆಯಾದದ್ದು ನಿನಗೆ ಒಪ್ಪಿಗೆಯಿತ್ತೇ ಎಂದು ಇಷ್ಟು ವರ್ಷಗಳ ಮೇಲೆ ಕೇಳಿದೆ.

ಅವಳು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. “ಈಗ್ ಕೇಳಿದ್ರೆ ಏನ್ ಬಂತು? ಸಂತ್ಯಾಗೆ ನಿಂತೋಳು ಸಂತೆ ಚೆನ್ನಾಗೈತೆ ಅಂತ್ಲೇ ಅನ್ನಬೇಕಲ್ಲ” ಎಂದಳು.

ಅವಳ ಮುಖ ನಗುತ್ತಿತ್ತೆಂದು ನನ್ನ ಗ್ರಹಿಕೆ, ಆದರೆ ಅಷ್ಟರಲ್ಲಿ ಅವಳು ಒಳಕ್ಕೆ ತಿರುಗಿದ್ದಳು. ನಾನು ಸಾರು ಚೆನ್ನಾಗಿದೆ ಎಂದು ಹೇಳಲು ಹೋಗಲಿಲ್ಲ. ಎಲೆಯಲ್ಲಿ ಒಂದು ಕರಿಬೇವಿನ ಎಸಳೂ ಉಳಿಯದಂತೆ ಉಂಡು, ಎಲೆಯನ್ನು ಮಡಿಚದೆ ಹಾಗೆಯೇ ಬಿಟ್ಟು, ಕೈತೊಳೆಯಲು ಎದ್ದೆ.