ಅಕ್ಕನ ಕ್ಯೂಗೆ ಹುಡುಕಿದ ಲೇತ್

ವಿಜಯನಗರದಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳದಿದ್ದ ಕಾಲ. ಬೇಸಿಗೆ ರಜೆ ಬಂತೆಂದರೆ ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಲಗೋರಿ, ಕುಂಟೆಬಿಲ್ಲೆ, ಉಪ್ಪುಖಾರ ಸವರಿದ ಮಾವಿನಕಾಯಿ ಹೋಳು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾತ್ರ ಸದಾ ಅಂಟು ಮತ್ತು ಮರದ ಪುಡಿಯ ವಾಸನೆ. ಅಪ್ಪ ಅಲ್ಲಿ ಕೂತು ಪೂಲ್ ಆಟದ ಕೋಲುಗಳನ್ನು, ಅಂದರೆ ಕ್ಯೂಗಳನ್ನು, ರಿಪೇರಿ ಮಾಡುತ್ತಿದ್ದರು. ಚಾಕು, ಎಮರಿ ಪೇಪರ್ ಬಿಟ್ಟರೆ ಬೇರೆ ಸಲಕರಣೆ ಇರಲಿಲ್ಲ.

ಆ ಬೇಸಿಗೆ ನನ್ನಕ್ಕ ಶೋಭಾ ರಾಜ್ಯ ಪೂಲ್ ತಂಡದ ಆಯ್ಕೆ ಪಂದ್ಯಕ್ಕೆ ಸಿದ್ಧಳಾಗುತ್ತಿದ್ದಳು. ಪಂದ್ಯ ಹತ್ತಿರ ಬಂದಾಗ ಅವಳ ಕ್ಯೂವಿನ ಹೊಡೆಯುವ ತುದಿಗೆ ತೊಡಿಸಿದ್ದ ಬಿಳಿ ಬಳೆ ಬಿರುಕು ಬಿಟ್ಟಿತು. ಅಪ್ಪ ಹೊಸದನ್ನು ಕೂರಿಸಿದರು. ಕೂದಲೆಳೆಯಷ್ಟು ಓರೆಯಾಯಿತು. ಅಕ್ಕ ಗುರಿಯಿಟ್ಟ ಕಡೆ ಚೆಂಡು ಹೋಗಲಿಲ್ಲ.

“ಬೇರೆ ಕ್ಯೂ ತಗೊಂಡು ಆಡಮ್ಮ,” ಎಂದರು ಅಪ್ಪ.

“ಇಲ್ಲ ಅಪ್ಪ, ನನ್ ಕೈಗೆ ಇದರ ತೂಕಾನೇ ಅಭ್ಯಾಸ.”

ಅಪ್ಪ ಕ್ಯೂ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಹಾಗಿದ್ರೆ ಲೇತ್ ಮಷಿನ್ನೇ ತರೋಣ. ಅದರಲ್ಲಿ ತಿರುಗಿಸಿ ಹೆರೆದ್ರೆ ಓರೆ ಬರಲ್ಲ.”

ಮೂವರೂ ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಹಳೆಯ ಯಂತ್ರ ಮಾರುವ ರಹಮತಣ್ಣ ಹಸಿರು ಬಣ್ಣ ಹೊಳೆಯುವ ಪುಟ್ಟ ಲೇತೊಂದನ್ನು ತೋರಿಸಿ, “ಮನೆಗೆ ಇದೇ ಚೆನ್ನಾಗಿರತ್ತೆ ಸಾರ್, ಟೇಬಲ್ ಮೇಲೆ ಕೂತ್ಕೊಳತ್ತೆ,” ಎಂದರು. ಅಪ್ಪನ ಮುಖ ಅರಳಿತು. ಅಕ್ಕ ಚೀಲದಿಂದ ತನ್ನ ಕ್ಯೂ ತೆಗೆದು, ಯಂತ್ರದ ನಡುವಿನ ತೂತಿನೊಳಗೆ ತೂರಿಸಿದಳು. ಅದು ಅರ್ಧದಲ್ಲೇ ಸಿಕ್ಕಿಕೊಂಡಿತು.

“ತುದಿ ಹೆರೀಬೇಕಾದ್ರೆ ಉಳಿದ ಕೋಲು ತೂತಿನಿಂದ ಹಿಂದಕ್ಕೆ ಹೋಗಬೇಕು, ಇದರಲ್ಲಿ ಹೋಗಲ್ಲ ಅಪ್ಪ. ಅದನ್ನ ನೋಡೋಣ.” ಅವಳ ಬೆರಳು ಮೂಲೆಯಲ್ಲಿದ್ದ ಬಣ್ಣಗೆಟ್ಟ ಲೇತಿನ ಕಡೆ ಇತ್ತು.

“ಅದು ಹಳೇದು ಕಣಮ್ಮ, ಭಾರ ಬೇರೆ,” ಎನ್ನುತ್ತಲೇ ರಹಮತಣ್ಣ ಅದರ ಮೇಲಿದ್ದ ಗೋಣಿಚೀಲ ತೆಗೆದರು. ಕ್ಯೂ ಸಲೀಸಾಗಿ ಈಚೆಯಿಂದ ಆಚೆ ಬಂತು. ಅಪ್ಪ ನೇರವಾದ ಕಂಬಿಯೊಂದನ್ನು ಲೇತಿಗೆ ಸಿಕ್ಕಿಸಿ, ತಿರುಗಿಸಿ, ಪೆನ್ಸಿಲ್ ಮೊನೆ ತಾಗಿಸಿದರು. ಸುತ್ತಲೂ ಒಂದೇ ಸಮನೆ ಗೆರೆ ಮೂಡಿತು. ಯಂತ್ರ ಅಲುಗುತ್ತಿರಲಿಲ್ಲ.

“ಇದೇ ಕೊಡಿ,” ಎಂದರು ಅಪ್ಪ. ಹದಿನೇಳರ ಹುಡುಗಿಯ ಮಾತು ಕೇಳಿ ಅಪ್ಪ ಮನಸ್ಸು ಬದಲಿಸಿದ್ದು ನನಗೆ ಎಷ್ಟು ಹೆಮ್ಮೆ ಎನಿಸಿತ್ತೆಂದರೆ, ಆರಿಸಿದ್ದು ನಾನೇ ಎಂಬಂತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಮನೆಯಲ್ಲಿ ಜಾಗವಿರಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು, “ಮಂಚ ಆಚೆಗೆ ಹಾಕ್ರಿ, ನಾವು ಚಾಪೆ ಮೇಲೆ ಮಲಗಿದ್ರಾಯ್ತು,” ಎಂದರು. ಯಂತ್ರ ಓಡಿಸಿದಾಗ ಹಿಂದೆ ಉದ್ದಕ್ಕೆ ಚಾಚಿದ ಕ್ಯೂ ಓಲಾಡಿತು. ನಾನು ನನ್ನ ಸ್ಕೇಟಿಂಗ್ ಶೂ ತಂದುಕೊಟ್ಟೆ. ಅಪ್ಪ ಅದರ ಚಕ್ರ ಬಿಚ್ಚಿ ಹಲಗೆಗೆ ಜೋಡಿಸಿ, ಕ್ಯೂ ಅದರ ಮೇಲೆ ಉರುಳುವಂತೆ ಮಾಡಿದರು. ಹೊಸ ಬಳೆ ಹೆರೆದಂತೆ ಬಿಳಿ ಪುಡಿ ಉದುರಿತು. ಬಳೆಯೂ ಮರವೂ ಸೇರುವ ಕಡೆ ಅಕ್ಕ ಕಣ್ಣು ಮುಚ್ಚಿ ಬೆರಳಾಡಿಸಿದಳು.

“ಗೊತ್ತೇ ಆಗ್ತಿಲ್ಲ ಅಪ್ಪ!”

ಆಯ್ಕೆ ಪಂದ್ಯದ ಕೊನೆಯ ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡಿತ್ತು. ಅಕ್ಕ ಬಾಗಿ ಬಿಳಿ ಚೆಂಡಿನಿಂದ ಅದನ್ನು ಮೆಲ್ಲನೆ ತಳ್ಳಿದಳು. ಅದು ಅಂಚು ಹಿಡಿದುಕೊಂಡೇ ಹೋಗಿ ಗುಳಿಗೆ ಬಿತ್ತು. ತಂಡಕ್ಕೆ ಆಯ್ಕೆಯಾದಳು. ಕ್ಯೂ ಯಾರ ಹತ್ತಿರ ರಿಪೇರಿ ಮಾಡಿಸಿದ್ದು ಎಂದು ಒಬ್ಬ ಆಟಗಾರ ಕೇಳಿದಾಗ, “ನಮ್ಮಪ್ಪ ಮಾಡಿದ್ದು,” ಎಂದಳು, ಇಡೀ ಹಾಲಿಗೆ ಕೇಳುವಂತೆ. ಹಿಂದಿನ ಸಾಲಿನಲ್ಲಿ ಅಪ್ಪ ಕನ್ನಡಕ ಒರೆಸಿದರು, ಹಾಕಿಕೊಂಡು ಮತ್ತೆ ಒರೆಸಿದರು.

ಅಪ್ಪ ಈಗಿಲ್ಲ. ಅದೇ ಕೆಲಸವನ್ನು ಅಕ್ಕ ನಾಗರಭಾವಿಯಲ್ಲಿ ದೊಡ್ಡದಾಗಿ ನಡೆಸುತ್ತಿದ್ದಾಳೆ, ನಾನೂ ಅವಳ ಜೊತೆ ಕೆಲಸಕ್ಕಿದ್ದೇನೆ. ಯಾವ ಯಾವುದೋ ಊರುಗಳಿಂದ ಕ್ಯೂಗಳು ಕೊರಿಯರಿನಲ್ಲಿ ಬಂದು, ರಿಪೇರಿಯಾಗಿ, ಹಾಗೇ ಹೊರಟುಹೋಗುತ್ತವೆ. ಅಪ್ಪನ ಕಾಲದಲ್ಲಿ ಪ್ರತಿ ಕ್ಯೂ ಜೊತೆ ಅದರ ಒಡೆಯನೂ ಬರುತ್ತಿದ್ದ. ಅವನು ಹೇಗೆ ನಿಲ್ಲುತ್ತಾನೆ, ಹೇಗೆ ಹಿಡಿಯುತ್ತಾನೆ ಎಂದು ನೋಡಿಯೇ ಅಪ್ಪ ಕೆಲಸಕ್ಕೆ ಕೈಹಾಕುತ್ತಿದ್ದರು. ಈಗ ಯಾರ ಕೈಗಾಗಿ ದುಡಿಯುತ್ತಿದ್ದೇವೋ, ಅವರ ಮುಖವೇ ನಮಗೆ ಗೊತ್ತಿಲ್ಲ.